ಡೇರೆಗೆ ಅನುಮತಿ ಬೇಕು, ಮಳೆಗೆ ಬೇಡ

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಮಕ್ಕಳಿಗೆ ಐಶ್ವರ್ಯವೇನೂ ಬಂದಿರಲಿಲ್ಲ, ಬಂದದ್ದು ಮಳೆ. 2024ರ ಮೇ 3ರ ರಾತ್ರಿ ಅವರು ಕೊಡೆ ಹಿಡಿಯುವುದು ಬಿಟ್ಟು ಡೇರೆ ಹಾಕಿಕೊಂಡರು. ಕೆಟ್ಟದ್ದು ಅಲ್ಲಿಯೇ.

ಗಾಜಾದ ಯುದ್ಧವನ್ನು ವಿರೋಧಿಸಿ ಅವರು ಮೂರ್ನಾಲ್ಕು ದಿನಗಳಿಂದ ಹುಲ್ಲುಹಾಸಿನ ಮೇಲೆ ಕುಳಿತಿದ್ದರು. ವಿಶ್ವವಿದ್ಯಾಲಯದ ಹಣ ಎಲ್ಲೆಲ್ಲಿ ಹೂಡಿಕೆಯಾಗಿದೆ ತಿಳಿಸಿ, ಇಸ್ರೇಲಿನೊಂದಿಗೆ ನಂಟಿರುವ ಕಂಪನಿಗಳಿಂದ ಹಿಂದಕ್ಕೆ ಪಡೆಯಿರಿ ಎಂಬುದು ಬೇಡಿಕೆ. ಒಣ ಹುಲ್ಲಿನ ಮೇಲೆ ಕುಳಿತಿರುವವರೆಗೆ ಅದು ಅಭಿವ್ಯಕ್ತಿ ಸ್ವಾತಂತ್ರ್ಯ. ತಲೆಯ ಮೇಲೊಂದು ಬಟ್ಟೆಯ ಮಾಡು ಬಂದೊಡನೆ ಕಾನೂನು ಸುವ್ಯವಸ್ಥೆಯ ಪ್ರಶ್ನೆ. ನೆನೆಯುವ ಸ್ವಾತಂತ್ರ್ಯವನ್ನು ಮಾತ್ರ ಯಾರೂ ಕಿತ್ತುಕೊಳ್ಳಲಿಲ್ಲ.

ಓದಲೆಂದೇ ಹೋದ ಮಕ್ಕಳು, ಓದಿಬಿಟ್ಟಿದ್ದರು. ವಿಶ್ವವಿದ್ಯಾಲಯದ ಜಾಲತಾಣದಲ್ಲಿದ್ದ ಡೇರೆ ಮಾರ್ಗಸೂಚಿಯಲ್ಲಿ, ಕ್ಯಾಂಪಿಂಗಿಗೆ ಬಳಸುವ ಡೇರೆಗಳಿಗೆ ಅನುಮತಿಯಿಂದ ವಿನಾಯಿತಿ ಎಂಬ ಸಾಲಿತ್ತು. ಅದನ್ನೇ ಮುಂದೆ ಹಿಡಿದರು. ಮೇ 4ರ ಬೆಳಿಗ್ಗೆ ನೋಡಿದರೆ ಮಾರ್ಗಸೂಚಿ ತಿದ್ದುಪಡಿಯಾಗಿತ್ತು! ಮಳೆಗೆ ಶಾಯಿ ಕದಡುವುದನ್ನು ಕಂಡಿದ್ದೇವೆ, ಜಾಲತಾಣದ ಅಕ್ಷರವೂ ಕದಡುತ್ತದೆಂದು ತಿಳಿದದ್ದು ಅಂದೇ. ನಿಯಮ ಮೊದಲಿನಿಂದಲೂ ಹಾಗೆಯೇ ಇತ್ತು, ಗೊಂದಲವನ್ನಷ್ಟೇ ನಿವಾರಿಸಿದೆವು ಎಂಬ ಧಾಟಿಯ ವಿವರಣೆಯೂ ಬಂತು. ಉಳಿದ ಗೊಂದಲವನ್ನು ರಾಜ್ಯ ಪೊಲೀಸರು ಗುರಾಣಿ, ಪೆಪ್ಪರ್ ಸ್ಪ್ರೇ ಸಮೇತ ಬಂದು ನಿವಾರಿಸಿದರು. 25ಕ್ಕೂ ಹೆಚ್ಚು ಮಂದಿಯ ಬಂಧನವಾಯಿತು. ಅವರಿಗಾದರೂ ಸೂರು ಸಿಕ್ಕಿತು.

ಈ ವಿಶ್ವವಿದ್ಯಾಲಯವನ್ನು 1819ರಲ್ಲಿ ಸ್ಥಾಪಿಸಿದವನು ಥಾಮಸ್ ಜೆಫರ್ಸನ್. ಅಮೆರಿಕದ ಅಧ್ಯಕ್ಷನಾಗಿದ್ದೆ ಎಂಬುದನ್ನು ಬಿಟ್ಟು, ಸ್ವಾತಂತ್ರ್ಯ ಘೋಷಣೆ ಬರೆದವನು, ಈ ವಿದ್ಯಾಲಯದ ಪಿತಾಮಹ ಎಂದು ತನ್ನ ಗೋರಿಕಲ್ಲಿಗೆ ತಾನೇ ಒಕ್ಕಣೆ ಬರೆದಿಟ್ಟವನು. ಕಲ್ಲಿನಲ್ಲಿ ಕೆತ್ತಿಸಿದ್ದು ಒಳ್ಳೆಯದಾಯಿತು, ಜಾಲತಾಣದಲ್ಲಿ ಹಾಕಿದ್ದರೆ ಉಳಿಯುತ್ತಿತ್ತೋ ಇಲ್ಲವೋ.

ಅಮೆರಿಕದ್ದೇ ಇಂಡಿಯಾನಾ ವಿಶ್ವವಿದ್ಯಾಲಯದವರು ಇನ್ನೂ ಚುರುಕು. ತಮ್ಮ ಆವರಣದ ಡನ್ ಮೆಡೋ ಎಂಬ ಬಯಲಿನ ಬಗ್ಗೆ 1969ರಿಂದ ಇದ್ದ ನಿಯಮವನ್ನು, ಅಲ್ಲಿನ ಪ್ರತಿಭಟನೆಯ ಹಿಂದಿನ ದಿನ ಸಮಿತಿ ಮಾಡಿ, ಡೇರೆಗೆ ಮೊದಲೇ ಅನುಮತಿ ಬೇಕೆಂದು ಬದಲಿಸಿದರು. ಐವತ್ತೈದು ವರ್ಷಗಳಲ್ಲಿ ಬಾರದ ಜ್ಞಾನೋದಯ ಒಂದೇ ದಿನದಲ್ಲಿ! ನಮ್ಮ ವಿಶ್ವವಿದ್ಯಾಲಯಗಳಲ್ಲಿ ಅಂಕಪಟ್ಟಿಗಾಗಿ ಅಲೆಯುವವರು ಈ ವೇಗವನ್ನು ಕಂಡು ಕೈಮುಗಿಯಬೇಕು. ಮರುದಿನ ಕಟ್ಟಡದ ತಾರಸಿಯ ಮೇಲೆ ಸ್ನೈಪರ್ ಕೂಡ ಇದ್ದ. ಹುಲ್ಲಿನ ಮೇಲೆ ಕುಳಿತವರನ್ನು ಕಾಯಲು.

ನಾವು ನಗುವ ಹಾಗಿಲ್ಲ. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿಯವರನ್ನು ಕೂಡಿಹಾಕಿದ್ದ ಬೆಂಗಳೂರಿನ ಸೆರೆಮನೆಯನ್ನೇ ಉದ್ಯಾನ ಮಾಡಿ, ಫ್ರೀಡಂ ಪಾರ್ಕ್ ಎಂದು ಹೆಸರಿಟ್ಟು, ಪ್ರತಿಭಟಿಸುವವರೆಲ್ಲ ಇದರೊಳಗೇ ಇರಿ ಎಂದು 2021ರಲ್ಲಿ ಆದೇಶ ಹೊರಡಿಸಿದವರು ನಾವು. ಖೈದಿಗಳಿಗೆ ಅಲ್ಲಿ ಸೂರಾದರೂ ಇತ್ತು.

ಈ ವರ್ಷ ಅಮೆರಿಕಕ್ಕೆ ಓದಲು ಹೊರಟಿರುವ ಹುಡುಗರ ಪೆಟ್ಟಿಗೆಯಲ್ಲಿ ಅಮ್ಮಂದಿರು ಚಟ್ನಿಪುಡಿಯ ಪಕ್ಕದಲ್ಲಿ ಒಂದು ಕೊಡೆ ಇಡುತ್ತಾರೆ. ಇಡಲಿ. ಬಿಚ್ಚುವ ಮೊದಲು ಜಾಲತಾಣವನ್ನು ಒಮ್ಮೆ ನೋಡಿಕೊಳ್ಳಪ್ಪ ಎಂದೂ ಹೇಳಿ ಕಳುಹಿಸಲಿ. ನಿನ್ನೆ ನೋಡಿದ್ದು ಸಾಲದು.