ಸ್ತನ ಕ್ಯಾನ್ಸರಿಗೆ ಎಂಜಲಿನ ಪರೀಕ್ಷೆ ಊರೂರಿಗೆ ಬರಬೇಕೇ?

ಪರ

ಬರಬೇಕು. ಬೇಗ ಬರಬೇಕು.

2024ರಲ್ಲಿ ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯ ಮತ್ತು ತೈವಾನಿನ ಸಂಶೋಧಕರು ಒಂದು ಪುಟ್ಟ ಉಪಕರಣದ ವಿವರ ಪ್ರಕಟಿಸಿದರು. ಪ್ರತಿಕಾಯ (ಗೊತ್ತಾದ ಪ್ರೋಟೀನನ್ನು ಹಿಡಿದುಕೊಳ್ಳುವ ಅಂಶ) ಹಚ್ಚಿದ ಪಟ್ಟಿಯ ಮೇಲೆ ಒಂದು ಹನಿ ಎಂಜಲು ಹಾಕಿದರೆ ಸಾಕು. ಎಚ್‌ಇಆರ್2 ಮತ್ತು ಸಿಎ 15-3 ಎಂಬ, ಸ್ತನ ಕ್ಯಾನ್ಸರ್ ಇದ್ದಾಗ ಹೆಚ್ಚಾಗಬಹುದಾದ ಎರಡು ಪ್ರೋಟೀನುಗಳು ಎಷ್ಟಿವೆ ಅಂತ ಐದು ಸೆಕೆಂಡಿನೊಳಗೆ ತಿಳಿಯುತ್ತದೆ. ಪಟ್ಟಿಗೆ ಕೆಲವೇ ಸೆಂಟ್, ಮತ್ತೆ ಮತ್ತೆ ಬಳಸಬಹುದಾದ ಸರ್ಕ್ಯೂಟ್ ಬೋರ್ಡಿಗೆ 5 ಡಾಲರ್. ಸೂಜಿ ಇಲ್ಲ, ಎಕ್ಸ್‌ರೇ ಇಲ್ಲ, ರವಿಕೆ ಬಿಚ್ಚಬೇಕಿಲ್ಲ.

ನನಗೆ ಈ ಕೊನೆಯದೇ ದೊಡ್ಡದು. ನಮ್ಮ ಚಿಕ್ಕಮ್ಮನಿಗೆ ಗಂಟು ಕೈಗೆ ಸಿಕ್ಕಿತ್ತು. ಯಾರಿಗೂ ಹೇಳಲಿಲ್ಲ. ತಾಲ್ಲೂಕಿನಲ್ಲಿ ನೋಡುವವರು ಗಂಡಸು ಡಾಕ್ಟರು ಅನ್ನುವ ನಾಚಿಕೆ. ಮಗಳ ಮದುವೆ ಮುಗಿಯಲಿ ಅನ್ನುವ ಲೆಕ್ಕಾಚಾರ. ಮದುವೆಯಲ್ಲಿ ಸೆರಗು ಬಿಗಿಯಾಗಿ ಹೊದ್ದುಕೊಂಡೇ ಪಂಕ್ತಿಗೆಲ್ಲ ಬಡಿಸಿದರು. ಗಂಟು ಒಡೆದು ವಾಸನೆ ಬಂದಾಗಲೇ ಮನೆಯವರಿಗೆ ಗೊತ್ತಾಗಿದ್ದು. ಬೆಂಗಳೂರಿಗೆ ಕರೆದೊಯ್ಯುವಷ್ಟರಲ್ಲಿ ಮೂಳೆಗೆ ಹರಡಿತ್ತು. ಆಮೇಲೆ ಪ್ರತಿ ತಪಾಸಣೆಗೂ ರಾತ್ರಿ ಬಸ್ಸು, ಬೆಳಗಿನ ಕ್ಯೂ. ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ ಬಂದು, "ಅಕ್ಕಾ, ಇದಕ್ಕೆ ಒಂಚೂರು ಎಂಜಲು ಹಾಕಿ" ಅಂದಿದ್ದರೆ ಚಿಕ್ಕಮ್ಮ ಬೇಡ ಅನ್ನುತ್ತಿರಲಿಲ್ಲ.

"ಈ ಉಪಕರಣದಲ್ಲಿ ನೋಡಿದ್ದು ಬರೀ 21 ಎಂಜಲಿನ ಮಾದರಿ" ಅಂತ ಡಾಕ್ಟರುಗಳು ತಕರಾರು ತೆಗೆಯುತ್ತಾರೆ. ಅವರ ಮನೆಯ ಹೆಂಗಸರಿಗೆ ಮ್ಯಾಮೊಗ್ರಾಂ (ಸ್ತನದ ಎಕ್ಸ್‌ರೇ) ಹತ್ತು ನಿಮಿಷದ ದಾರಿ. ನಮ್ಮವರಿಗೆ ಅದು ಒಂದು ದಿನದ ಕೂಲಿ, ಗಂಡನ ಒಪ್ಪಿಗೆ, ಜೊತೆಗೊಬ್ಬರು. ಕಾಯಿರಿ ಅಂತ ನಮಗೇ ಯಾಕೆ ಹೇಳಬೇಕು?

ವಿರೋಧ

ವಿರೋಧ ಬರೆಯಿರಿ ಅಂತ ನನಗೆ ಹೇಳಿದ್ದಾರೆ. ಪೂರ್ತಿ ವಿರೋಧ ನನಗಿಲ್ಲ. ಚಿಕಿತ್ಸೆಯಲ್ಲಿ ಇರುವವರ ಮೇಲೆ ನಿಗಾ ಇಡಲು ಇಂಥ ಪಟ್ಟಿ ಮುಂದೆ ನೆರವಾಗಬಹುದು. ರಕ್ತದಲ್ಲಿ ಸಿಎ 15-3 ನೋಡುವುದು ಈಗಲೂ ಇದೆ.

ಆರೋಗ್ಯವಾಗಿರುವವರಲ್ಲಿ ಕ್ಯಾನ್ಸರ್ ಹುಡುಕುವುದು ಬೇರೆ ಮಾತು. ಶುರುವಿನ ಹಂತದಲ್ಲಿ ಸಿಎ 15-3 ಬಹಳ ಸಲ ಏರುವುದೇ ಇಲ್ಲ. ಲಿವರ್ ಕೆಟ್ಟರೂ ಏರಬಹುದು. ಎಚ್‌ಇಆರ್2 ಜಾಸ್ತಿ ಇರುವುದು ಹೆಚ್ಚೆಂದರೆ ಐದು ಸ್ತನ ಕ್ಯಾನ್ಸರಿನಲ್ಲಿ ಒಂದರಲ್ಲಿ. ಅಂಗಡಿಯಲ್ಲಿ ಪಟ್ಟಿ ಕೊಂಡು, ಏನೂ ಇಲ್ಲ ಅಂತ ಬಂದಿದ್ದನ್ನು ನಂಬಿ, ಕೈಗೆ ಸಿಕ್ಕ ಗಂಟನ್ನೂ ಮರೆತು ಕೂತರೆ ಏನು ಗತಿ?

ಮುಂಬೈಯಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಲ್ಲಿ ಒಂದು ಅಧ್ಯಯನ ಶುರು ಮಾಡಿದರು. ಸುಮಾರು ಒಂದೂವರೆ ಲಕ್ಷ ಹೆಂಗಸರು, 20 ವರ್ಷ. ಅರ್ಧದಷ್ಟು ಜನರನ್ನು ತರಬೇತಿ ಪಡೆದ ಕಾರ್ಯಕರ್ತೆಯರು ಕೈಯಿಂದ ಮುಟ್ಟಿ ಪರೀಕ್ಷಿಸಿದರು. 50 ದಾಟಿದವರಲ್ಲಿ ಈ ಕಾಯಿಲೆಯ ಸಾವು ಸುಮಾರು ಶೇ. 30ರಷ್ಟು ಕಡಿಮೆಯಾಯಿತು. ನೋಡುವವರು ಹೆಂಗಸರೇ ಆದರೆ ನಾಚಿಕೆಯೂ ಕಡಿಮೆ ಅಲ್ವಾ? ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳ ನರ್ಸುಗಳಿಗೆ ಈ ತರಬೇತಿ ಕೊಡುವುದಕ್ಕೆ ಮೊದಲು ಹಣ ಸಿಗಲಿ.