ರನ್‌ವೇ ಬದಲಾದರೆ ಬಾಯಿಮಾತು ಸಾಕೆ, ಯಂತ್ರದ ಬೀಗ ಬೇಕೆ?

ಪರ: ಬೀಗ ಬೇಕು

2022ರ ಜನವರಿ 7ರ ಬೆಳಿಗ್ಗೆ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಉತ್ತರದ ರನ್‌ವೇಯಿಂದ ವಿಮಾನಗಳು ಹೊರಡುತ್ತಿದ್ದವು, ದಕ್ಷಿಣದ್ದರಲ್ಲಿ ಇಳಿಯುತ್ತಿದ್ದವು. ನಡುವೆ ಶಿಫ್ಟ್ ಉಸ್ತುವಾರಿ ಮನಸ್ಸು ಬದಲಿಸಿದರು: ದಕ್ಷಿಣದ್ದನ್ನು ಮುಚ್ಚಿ ಎರಡೂ ಕೆಲಸ ಉತ್ತರದಲ್ಲೇ ನಡೆಯಲಿ ಎಂದರು. ತೀರ್ಮಾನದಲ್ಲಿ ತಪ್ಪೇನಿರಲಿಲ್ಲ. ಅದು ದಕ್ಷಿಣದ ರನ್‌ವೇ ನೋಡಿಕೊಳ್ಳುತ್ತಿದ್ದ ಟವರ್ ಕಂಟ್ರೋಲರ್‌ಗೆ ಮಾತ್ರ ತಲುಪಲಿಲ್ಲ. ಅವರು ಕೋಲ್ಕತ್ತಾಗೆ ಹೊರಟಿದ್ದ ಇಂಡಿಗೊ ವಿಮಾನಕ್ಕೆ ಟೇಕ್‌ಆಫ್ ಅನುಮತಿ ಕೊಟ್ಟರು. ಅದೇ ಹೊತ್ತಿಗೆ ಉತ್ತರದವರು ಭುವನೇಶ್ವರಕ್ಕೆ ಹೊರಟಿದ್ದ ಇಂಡಿಗೊಗೂ ಕೊಟ್ಟರು. ಮೇಲೇರಿದ ಎರಡು ವಿಮಾನಗಳೂ ಒಂದರತ್ತ ಒಂದು ಸರಿಯತೊಡಗಿದವು. ಒಳಗಿದ್ದವರು 426 ಮಂದಿ. ರೇಡಾರ್ ಮುಂದೆ ಕೂತಿದ್ದ ಅಪ್ರೋಚ್ ಕಂಟ್ರೋಲರ್ ಗಮನಿಸಿ, ಎರಡನ್ನೂ ಬೇರೆ ಬೇರೆ ದಿಕ್ಕಿಗೆ ತಿರುಗಿಸಿದ್ದರಿಂದ ಎಲ್ಲರೂ ಊರು ಸೇರಿದರು. ಇಷ್ಟಾದರೂ ಲಾಗ್‌ಬುಕ್‌ನಲ್ಲಿ ಒಂದಕ್ಷರ ಬರೆದಿರಲಿಲ್ಲ ಎಂಬುದು ಆಮೇಲೆ ಹೊರಬಿತ್ತು.

ಅಲ್ಲಿದ್ದವರೆಲ್ಲ ತರಬೇತಿ ಪಡೆದವರೇ. ಒಂದೇ ಒಂದು ಮಾತು ದಾಟಿಹೋಗದಿದ್ದದ್ದಕ್ಕೆ ಇಷ್ಟೆಲ್ಲ ಆಯಿತು. ಹಾಗಾದರೆ ಆ ಮಾತನ್ನೇ ನಂಬಿ ಕೂರುವುದೇಕೆ? ಒಂಟಿ ಹಳಿಯ ರೈಲು ಮಾರ್ಗದಲ್ಲಿ ಎದುರಿನ ಸ್ಟೇಷನ್ ಒಪ್ಪದೆ ಯಂತ್ರದಿಂದ ಟೋಕನ್ ಹೊರಬರುತ್ತಿರಲಿಲ್ಲ; ಟೋಕನ್ ಕೈಗೆ ಬಾರದೆ ಡ್ರೈವರ್ ಗಾಡಿ ಬಿಡುತ್ತಿರಲಿಲ್ಲ. ಅಷ್ಟು ಹಳೆಯ ಬುದ್ಧಿ ಟವರ್‌ಗೂ ಬರಲಿ. ಉಸ್ತುವಾರಿ ರನ್‌ವೇ ಮುಚ್ಚಿದೆ ಎಂದು ಒತ್ತಿದ ಕೂಡಲೇ ಆ ರನ್‌ವೇಯ ಪರದೆ ಕೆಂಪಾಗಬೇಕು. ಸಂಬಂಧಪಟ್ಟ ಕಂಟ್ರೋಲರ್‌ಗಳೆಲ್ಲ ನೋಡಿದೆವು ಎಂದು ಒತ್ತುವ ತನಕ ಯಾವ ವಿಮಾನವೂ ಹೊಸದಾಗಿ ಹೊರಡಬಾರದು. ನಾನು ಕೇಳುವ ಬೀಗ ಇದೇ. ಆಗ ಲಾಗ್‌ಬುಕ್‌ನಲ್ಲಿ ಯಾರೂ ಬರೆಯದಿದ್ದರೂ ಯಂತ್ರ ಬರೆದಿಟ್ಟಿರುತ್ತದೆ.

ಫೋನ್ ಇದೆಯಲ್ಲ ಎನ್ನುವವರು ವಾಷಿಂಗ್ಟನ್ ಕಡೆ ನೋಡಲಿ. 2025ರ ಜನವರಿ 29ರಂದು ಅಲ್ಲಿ ಸೇನಾ ಹೆಲಿಕಾಪ್ಟರ್ ಮತ್ತು ಪ್ರಯಾಣಿಕ ವಿಮಾನ ಡಿಕ್ಕಿಯಾಗಿ 67 ಜನ ಸತ್ತರು. ಪೆಂಟಗನ್‌ಗೂ ಅಲ್ಲಿನ ಟವರ್‌ಗೂ ನಡುವಿನ ಹಾಟ್‌ಲೈನ್ 2022ರ ಮಾರ್ಚ್‌ನಿಂದಲೇ ಕೆಟ್ಟಿತ್ತು ಎಂಬುದು ನಂತರ ಗೊತ್ತಾಯಿತು. ಡಿಕ್ಕಿಗೆ ಅದೇ ಕಾರಣ ಅಂತ ನಾನು ಹೇಳುತ್ತಿಲ್ಲ. ಆದರೆ ಮೂರು ವರ್ಷ ಸತ್ತುಬಿದ್ದ ಲೈನ್ ಯಾರ ಗಮನಕ್ಕೂ ಬಾರದಷ್ಟು ಸಡಿಲವಾಗಿತ್ತು ವ್ಯವಸ್ಥೆ.

ವಿರೋಧ: ಬೀಗದಿಂದ ಆಗದು

ಬೆಂಗಳೂರಿನಲ್ಲಿ 426 ಜನರನ್ನು ಉಳಿಸಿದ್ದು ಯಾರು? ಕಣ್ಣಿಟ್ಟು ಕೂತಿದ್ದ ಒಬ್ಬ ಮನುಷ್ಯ. ಪರವಾಗಿ ಮಾತಾಡಿದವರೇ ಅದನ್ನು ಹೇಳಿ, ಮುಂದಕ್ಕೆ ಓಡಿಬಿಟ್ಟರು.

ರೈಲಿನ ಹೋಲಿಕೆ ಕೇಳಲು ಚೆನ್ನ. ಟೋಕನ್ ಸಿಗದ ರೈಲು ಪ್ಲಾಟ್‌ಫಾರ್ಮ್‌ನಲ್ಲಿ ಅರ್ಧ ಗಂಟೆ ನಿಲ್ಲಬಹುದು. ಎಂಜಿನ್ ಕೆಟ್ಟು ಇಳಿಯಲು ಬರುತ್ತಿರುವ ವಿಮಾನ ಎಲ್ಲಿ ನಿಂತೀತು? ಹೊರಡುವ ವಿಮಾನಗಳಿಗೆ ಮಾತ್ರ ಬೀಗ ಎನ್ನಬಹುದು. ಆದರೆ ಹೊರಡುವುದು, ಇಳಿಯುವುದು ಒಂದೇ ರನ್‌ವೇಯಲ್ಲಿ ಹೆಣೆದುಕೊಂಡಿರುವಾಗ ಒಂದಕ್ಕೆ ಹಾಕಿದ ಬೀಗ ಇನ್ನೊಂದನ್ನೂ ಕಟ್ಟಿಹಾಕುತ್ತದೆ.

ಯಂತ್ರವನ್ನು ನಂಬುವ ಮೊದಲು 2002ರ ಜುಲೈ 1ರ ರಾತ್ರಿಯನ್ನು ನೆನೆಯಬೇಕು. ಜ್ಯೂರಿಕ್‌ನ ನಿಯಂತ್ರಣ ಕೇಂದ್ರದಲ್ಲಿ ದುರಸ್ತಿ ಕೆಲಸ ನಡೆದಿತ್ತು. ಡಿಕ್ಕಿಯ ಅಪಾಯವನ್ನು ಪರದೆಯ ಮೇಲೆ ತೋರಿಸುವ ವ್ಯವಸ್ಥೆ ನಿಂತಿತ್ತು. ಅದು ಡ್ಯೂಟಿಯಲ್ಲಿದ್ದ ಕಂಟ್ರೋಲರ್‌ಗೇ ಗೊತ್ತಿರಲಿಲ್ಲ. ಜೊತೆಗಾರ ವಿಶ್ರಾಂತಿಗೆ ಹೋಗಿದ್ದರಿಂದ ಎರಡು ಕಡೆಯ ಕೆಲಸ ಒಬ್ಬರ ಮೇಲೆಯೇ ಬಿದ್ದಿತ್ತು. ಜರ್ಮನಿಯ ಕಾರ್ಲ್ಸ್‌ರೂಹೆಯ ಕಂಟ್ರೋಲರ್ ಅಪಾಯ ಕಂಡು ಫೋನ್ ಮಾಡಿಯೇ ಮಾಡಿದರು, ಲೈನ್ ಸಿಗಲಿಲ್ಲ. ಡಿಕ್ಕಿ ತಪ್ಪಿಸಲು ಪೈಲಟ್‌ಗೆ ದಾರಿ ಹೇಳುವ, ವಿಮಾನದೊಳಗಿನ ಟಿಕಾಸ್ ಯಂತ್ರ ರಷ್ಯಾದ ಟುಪೊಲೆವ್‌ಗೆ ಮೇಲೇರು ಎಂದಿತು, ಕಂಟ್ರೋಲರ್ ಕೆಳಗಿಳಿಯಿರಿ ಎಂದರು. ಪೈಲಟ್‌ಗಳು ಕಂಟ್ರೋಲರ್ ಮಾತು ಕೇಳಿದರು. ಎದುರಿನ ಸರಕು ವಿಮಾನ ಟಿಕಾಸ್ ಹೇಳಿದಂತೆ ತಾನೂ ಇಳಿಯಿತು. ಜರ್ಮನಿಯ ಊಬರ್ಲಿಂಗನ್ ಪಟ್ಟಣದ ಮೇಲೆ ಎರಡೂ ಡಿಕ್ಕಿಯಾಗಿ 71 ಜನ ಹೋದರು, ಹೆಚ್ಚಿನವರು ಶಾಲಾ ಮಕ್ಕಳು. ಕೊನೆಯ ಕ್ಷಣಗಳಲ್ಲಿ ಟಿಕಾಸ್ ಮಾತೇ ಅಂತಿಮ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಯಂತ್ರ ನಿಂತಿದೆ ಎಂಬ ಸುದ್ದಿಯನ್ನು ಮನುಷ್ಯನೇ ಮನುಷ್ಯನಿಗೆ ದಾಟಿಸಬೇಕಿತ್ತಲ್ಲ. ಬೆಂಗಳೂರಿನಲ್ಲಿ ತಪ್ಪಿದ್ದೂ ಅದೇ ಕೊಂಡಿ.

2023ರ ಆಗಸ್ಟ್ 28ರಂದು ಬ್ರಿಟನ್ನಿನ ವಿಮಾನ ಸಂಚಾರ ನಿಯಂತ್ರಣದ ಕಂಪ್ಯೂಟರ್‌ಗೆ ಒಂದೇ ಸಂಕೇತವಿರುವ ಎರಡು ಜಾಗಗಳಿದ್ದ ಫ್ಲೈಟ್ ಪ್ಲಾನ್, ಅಂದರೆ ವಿಮಾನದ ಹಾದಿಯ ವಿವರ, ಬಂತು: ಒಂದು ಫ್ರಾನ್ಸಿನಲ್ಲಿ, ಇನ್ನೊಂದು ಅಮೆರಿಕದಲ್ಲಿ. ಗೊಂದಲವಾದ ಕಂಪ್ಯೂಟರ್ ಕೈಚೆಲ್ಲಿತು. ಬದಲಿಗೆಂದು ಇಟ್ಟಿದ್ದದ್ದೂ ಅದೇ ಪ್ಲಾನ್ ನುಂಗಿ ನಿಂತಿತು. 2025ರ ನವೆಂಬರ್‌ನಲ್ಲಿ ದೆಹಲಿ ವಿಮಾನ ನಿಲ್ದಾಣದಲ್ಲಿ ಫ್ಲೈಟ್ ಪ್ಲಾನ್ ರವಾನಿಸುವ ಸಂದೇಶ ವ್ಯವಸ್ಥೆ ಕೆಟ್ಟು ನೂರಾರು ವಿಮಾನ ತಡವಾದವು. ಆದರೂ ಸಂಚಾರ ಪೂರ್ತಿ ನಿಲ್ಲಲಿಲ್ಲ, ಏಕೆಂದರೆ ಫ್ಲೈಟ್ ಪ್ಲಾನ್‌ಗಳನ್ನು ಕೈಯಿಂದಲೇ ಹಾಕುವ ಜನ ಅಲ್ಲಿದ್ದರು. ಎಲ್ಲವನ್ನೂ ಬೀಗಕ್ಕೆ ಬಿಟ್ಟರೆ ಹತ್ತು ವರ್ಷದಲ್ಲಿ ಆ ಕೈಗಳಿಗೆ ರೂಢಿ ತಪ್ಪುತ್ತದೆ.

ಇನ್ನು ನೋಡಿದೆ ಎಂಬ ಗುಂಡಿ. ಲಾಗ್‌ಬುಕ್ ಬರೆಯದವರು ಆ ಗುಂಡಿಯನ್ನು ನೋಡಿಯೇ ಒತ್ತುತ್ತಾರೆ ಎಂಬ ಭರವಸೆ ಎಲ್ಲಿಂದ ಬಂತು? ಮೊಬೈಲಿನಲ್ಲಿ ಷರತ್ತುಗಳನ್ನು ಓದದೆ ಒಪ್ಪಿಗೆ ಒತ್ತುವ ಜನ ನಾವು. ಪೈಲಟ್‌ಗೆ ಅನುಮತಿ ಕೊಟ್ಟಾಗ ಅವರು ಅದನ್ನು ಮರಳಿ ಓದಿ ಹೇಳಲೇಬೇಕು. ತಪ್ಪಿದ್ದರೆ ಕಂಟ್ರೋಲರ್ ಅಲ್ಲೇ ತಿದ್ದುತ್ತಾರೆ. ಟವರ್ ಒಳಗಿನ ತೀರ್ಮಾನಗಳಿಗೂ ಅದೇ ಕಟ್ಟುನಿಟ್ಟು ಬರಲಿ: ಉಸ್ತುವಾರಿ ಹೇಳಲಿ, ಕಂಟ್ರೋಲರ್ ಮರಳಿ ಹೇಳಲಿ, ಎರಡೂ ರೆಕಾರ್ಡ್ ಆಗಲಿ. ಬೀಗದ ಸಾಫ್ಟ್‌ವೇರ್‌ಗೆ ಎತ್ತಿಡುವ ದುಡ್ಡಿನಲ್ಲಿ ಮೊದಲು ಕಂಟ್ರೋಲರ್‌ಗಳ ಖಾಲಿ ಕುರ್ಚಿಗಳು ತುಂಬಲಿ.