ಥೆರಪಿ ಕೋಣೆ ಸರಿ, ಅಲ್ಲಿ ಮಾತಾಡುವ ಭಾಷೆ ಯಾವುದು?

ವಿಶೇಷ ಮಕ್ಕಳಿಗೆ ಖಾಸಗಿ ಶಾಲೆ ಹುಡುಕುವ ಬಗೆಗಿನ ನಿಮ್ಮ ಲೇಖನದಲ್ಲಿ ಮೊದಲು ಥೆರಪಿ ಕೋಣೆ, ಸಲಕರಣೆ ನೋಡಬೇಕು ಎಂದು ಬರೆದಿದ್ದೀರಿ. ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ, ಮಂಜೇಶ್ವರದ ಕಡೆಯ ಕನ್ನಡದ ಮನೆಯವರಾದ ನಮಗೆ ಅದು ಎರಡನೇ ಪ್ರಶ್ನೆ. ಮೊದಲನೆಯದು, ಅಲ್ಲಿ ಮಗುವಿನ ಹತ್ತಿರ ಯಾವ ಭಾಷೆಯಲ್ಲಿ ಮಾತಾಡುತ್ತಾರೆ?

ನನ್ನ ಮಗನಿಗೆ ಆರು ವರ್ಷದವರೆಗೂ ಮಾತು ಬಂದಿರಲಿಲ್ಲ. ಸೇರಿಸಿದ ಶಾಲೆ ಚೆನ್ನಾಗಿತ್ತು, ಫೀಸೂ ಜೋರಾಗಿಯೇ ಇತ್ತು. ಅಲ್ಲಿ ನೀರಿನ ಲೋಟದ ಚಿತ್ರ ತೋರಿಸಿ ಮಲಯಾಳದಲ್ಲಿ ‘ವೆಳ್ಳಂ’ ಅಂತ ಹೇಳಿಕೊಡುತ್ತಿದ್ದರು. ಮನೆಯಲ್ಲಿ ನಾವು ‘ನೀರು’ ಅನ್ನುತ್ತಿದ್ದೆವು, ಅಜ್ಜಿ ತುಳುವಿನಲ್ಲಿ ‘ನೀರ್’. ಅವನು ಮೂರೂ ಬಿಟ್ಟು, ನನ್ನ ಕೈ ಹಿಡಿದು ಕೊಡಪಾನದ ಹತ್ತಿರ ಎಳೆದುಕೊಂಡು ಹೋಗುತ್ತಿದ್ದ. ಟೀಚರ ತಪ್ಪಲ್ಲ, ಅವರಿಗೆ ಕನ್ನಡ ಬರುತ್ತಿರಲಿಲ್ಲ ಅಷ್ಟೇ. ಸೇರಿಸುವಾಗ ಕೇಳದೆ ಇದ್ದದ್ದು ನಾವು.

ಹಾಗಂತ ಕನ್ನಡಕ್ಕಾಗಿ ಎಲ್ಲರೂ ಮಂಗಳೂರಿಗೇ ಹೋಗಿ ಅನ್ನಲಾರೆ. ದಿನಾ ವ್ಯಾನಿನಲ್ಲಿ ಎರಡು ಮೂರು ಗಂಟೆ ಕೂತ ಮಗು ಕಲಿಯುವುದೇನು? ವಿಶೇಷ ಮಕ್ಕಳಿಗಾಗಿ ಪಂಚಾಯತ್ ನಡೆಸುವ ಬಡ್ಸ್ ಶಾಲೆಯ ಹೆಸರನ್ನೂ ನೀವು ಎತ್ತಲಿಲ್ಲ. ಎಂಡೋಸಲ್ಫಾನ್ ಕೀಟನಾಶಕದ ವಿಷ ಬಿದ್ದ ನಮ್ಮ ಜಿಲ್ಲೆಯಲ್ಲಿ ಎಷ್ಟೋ ಮನೆಗಳಿಗೆ ಅದೇ ಆಸರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ, ಶೇಕಡಾ 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯ ಇರುವ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಫೀಸ್ ಕಟ್ಟುವ ಮೊದಲು ಇದನ್ನಾದರೂ ಹೇಳಬೇಕಿತ್ತು, ಅಲ್ವಾ?

ಟೀಚರಿಗೆ ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿ ಇದೆಯಾ ಎಂದು ಕೇಳಿ ಅಂತ ನೀವು ಅಂದಿದ್ದು ಮಾತ್ರ ನೂರಕ್ಕೆ ನೂರು ಸರಿ. ನಾವು ಕೇಳಿದಾಗ ಒಂದು ಕಡೆ ಮುಖ ಗಂಟಿಕ್ಕಿದರು. ಅಲ್ಲಿಂದ ಎದ್ದು ಬಂದೆವು.